ಹವಾಲ್ದಾರ ಕೂಗದ ಮುಂಜಾನೆ

ನಾನು ಚಿಕ್ಕವಳಿದ್ದಾಗ ಶಹಾಬಾದಿನ ನಮ್ಮ ಓಣಿಯಲ್ಲಿ ಗಡಿಯಾರ ಇದ್ದ ಮನೆ ಒಂದೂ ಇರಲಿಲ್ಲ. ಇದ್ದಿದ್ದರೂ ಯಾರೂ ಅದನ್ನು ನೋಡುತ್ತಿರಲಿಲ್ಲ ಬಿಡಿ. ಮುಂಜಾನೆ ಕಾರ್ಖಾನೆಯ ಭೋಂಗಾ ಊದಿದ ಕೂಡಲೇ ಗಂಡಸರು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು. ಆ ಭೋಂಗಾ ಊದುವುದಕ್ಕಿಂತ ಸ್ವಲ್ಪ ಮೊದಲು ನಮ್ಮ ಮನೆಯ ಪಡಸಾಲೆಯಿಂದ ಇನ್ನೊಂದು ಕೂಗು ಏಳುತ್ತಿತ್ತು. ಪಿಟ್-ಪಿಲಿಟ್, ಪಿಟ್-ಪಿಲಿಟ್. ಓಣಿಯ ಹೆಂಗಸರು ಆ ಕೂಗಿಗೆ ಎದ್ದು ಒಲೆ ಹಚ್ಚುತ್ತಿದ್ದರು. ಅದು ನನ್ನ ಬುರ್ಲಿ ಹಕ್ಕಿಯ ಕೂಗು. ಪುಸ್ತಕದಲ್ಲಿ ನೀವು ಮೊಮ್ಮಕ್ಕಳು ಲಾವಕ್ಕಿ ಎಂದು ಓದುತ್ತೀರಲ್ಲ, ಅದೇ. ನನ್ನ ಮುಷ್ಟಿಯಲ್ಲಿ ಹಿಡಿಸುವಷ್ಟು ಪುಟ್ಟ ಹಕ್ಕಿ ಇಡೀ ಓಣಿಯನ್ನು ಎಬ್ಬಿಸುತ್ತಿತ್ತು. ಅದಕ್ಕೆ ನನಗೆ ಎಷ್ಟು ಜಂಬವಿತ್ತು ಎಂದರೆ, ನಾನೇ ಕೂಗಿದವಳ ಹಾಗೆ ಓಣಿಯಲ್ಲಿ ಓಡಾಡುತ್ತಿದ್ದೆ.

ಒಟ್ಟು ಮೂರು ಬುರ್ಲಿಗಳಿದ್ದವು. ಈ ಕಥೆ ನಡೆದ ವರ್ಷದ ಹಿಂದಿನ ಮಳೆಗಾಲದಲ್ಲಿ ದಂಡೋತಿಯ ಸೋದರಮಾವನ ಹೊಲದಲ್ಲಿ ತೊಗರಿಗೆ ಎಡೆ ಹೊಡೆಯುವಾಗ ಗೂಡು ಕೆಟ್ಟು, ತಾಯಿ ಹಾರಿಹೋಗಿ, ಈ ಮೂರು ಮರಿಗಳು ಉಳಿದಿದ್ದವಂತೆ. ಮಾವ ಅವುಗಳನ್ನು ತಲೆಯ ರುಮಾಲಿನಲ್ಲಿ ಸುತ್ತಿ ತಂದು ನನ್ನ ಉಡಿಗೆ ಹಾಕಿದ. ಹೆಣ್ಣು ಎರಡಕ್ಕೆ ನಾನು ಕುಳ್ಳಿ, ಡುಮ್ಮಿ ಎಂದು ಹೆಸರಿಟ್ಟೆ. ಗಂಡಿಗೆ ಹೆಸರಿಟ್ಟವರು ಪಕ್ಕದ ಮನೆಯ ಚಾಚಾ. ಎದೆ ಉಬ್ಬಿಸಿ ಅತ್ತಿಂದಿತ್ತ ನಡೆಯುವುದನ್ನು ನೋಡಿ ಹವಾಲ್ದಾರ ಎಂದರು, ಅದೇ ಉಳಿಯಿತು. ಚಾಚಾ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದರು. ಹರೆಯದಲ್ಲಿ ಬಟೇರ್ ಸಾಕಿದವರು. ಬುರ್ಲಿಯನ್ನು ಅವರು ಬಟೇರ್ ಎಂದೇ ಕರೆಯುತ್ತಿದ್ದರು. ಬಿದಿರಿನ ಪಂಜರ ಹೆಣೆದು, ಮೇಲೆ ಮಾತ್ರ ಕಡ್ಡಿ ಹಾಕದೆ ಹಳೆಯ ಸೀರೆಯ ತುಂಡು ಬಿಗಿದುಕೊಟ್ಟವರೂ ಅವರೇ. ಬುರ್ಲಿ ಬೆದರಿದರೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಮೇಲೆ ಗಟ್ಟಿ ಕಡ್ಡಿ ಇದ್ದರೆ ತಲೆ ಒಡೆದುಕೊಳ್ಳುತ್ತದೆ.

ಅಪ್ಪ ಫರಸಿ ಕಲ್ಲಿನ ಕೆಲಸದವನು. ನಮ್ಮ ಕಡೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿಗೆ ಫರಸಿ ಎನ್ನುತ್ತಾರೆ. ಓಣಿ ದಾಟಿದರೆ ಒಂದು ತಗಡಿನ ಶೆಡ್ಡು, ಅದರೊಳಗೆ ಕೂತು ಅಪ್ಪ ಉಳಿ ಸುತ್ತಿಗೆ ಹಿಡಿದು ಫರಸಿಯ ಅಂಚು ಕಡಿಯುತ್ತಿದ್ದ. ಪ್ರತಿಯೊಂದು ಕಲ್ಲನ್ನೂ ಮೊದಲು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದ. ಟಣ್ ಎಂದರೆ ಒಳ್ಳೆಯ ಕಲ್ಲು. ಸದ್ದು ಮಂಕಾಗಿ ಬಂದರೆ ಒಳಗೆಲ್ಲೋ ಬಿರುಕಿದೆ ಎಂದು ಅರ್ಥ, ಹೊರಗಿನಿಂದ ಅದು ಎಷ್ಟೇ ಚೆಂದ ಕಾಣಲಿ. ನಾನು ಪಕ್ಕದಲ್ಲಿ ಕೂತು ಆ ಸದ್ದುಗಳನ್ನು ಕೇಳಿ ಕೇಳಿ ಕಲಿತಿದ್ದೆ. ಬಡಿದ ಕೂಡಲೇ ಅಪ್ಪ ನನ್ನ ಮುಖ ನೋಡುತ್ತಿದ್ದ, ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ತಲೆ ಅಲ್ಲಾಡಿಸಿ ಹೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ನನ್ನದು ಸರಿ ಇರುತ್ತಿತ್ತು. ಉತ್ಪ್ರೇಕ್ಷೆ ಅಲ್ಲ, ಬೇಕಾದರೆ ನಿಮ್ಮ ದೊಡ್ಡಾಯಿಯನ್ನು ಕೇಳಿ. ನನ್ನ ಅಕ್ಕ ಅವಳು, ಈಗಲೂ ಹೊಟ್ಟೆಕಿಚ್ಚು ಪಡುತ್ತಾಳೆ.

ಶ್ರಾವಣದ ಆರಂಭದ ಒಂದು ಮುಂಜಾನೆ ಭೋಂಗಾ ಊದಿತು, ಹವಾಲ್ದಾರ ಕೂಗಲಿಲ್ಲ.

ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಅವ್ವ ಬಾಣಂತನಕ್ಕೆ ದಂಡೋತಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅಕ್ಕ, ನಾನು, ಮತ್ತೆ ಆಯಿ. ನೀವು ನನ್ನನ್ನು ಕರೆಯುವ ಹಾಗೆ ನಾವು ಅಪ್ಪನ ಅವ್ವನನ್ನು ಆಯಿ ಎನ್ನುತ್ತಿದ್ದೆವು. ಅಂದು ಎಲ್ಲರೂ ತಡವಾಗಿ ಎದ್ದು ಗಡಿಬಿಡಿ ಮಾಡಿದರು, ಮೋಡ ಮುಚ್ಚಿದೆ, ಹಕ್ಕಿಗೆ ಹೊತ್ತು ತಿಳಿದಿಲ್ಲ ಎಂದರು. ಅಪ್ಪ ಅರ್ಧ ರೊಟ್ಟಿ ಬಾಯಿಗೆ ಹಾಕಿಕೊಂಡು ಓಡಿದ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನಿನ್ನೆಯೂ ಮೊನ್ನೆಯೂ ಇದೇ ಮೋಡ ಇತ್ತು, ಆಗ ಕೂಗಿತ್ತಲ್ಲ.

ನಾನು ಪಂಜರದ ಹತ್ತಿರ ಹೋಗಲಿಲ್ಲ. ಕಂಬದ ಮರೆಯಲ್ಲಿ ಕೂತು ನೋಡಿದೆ. ಇದು ನಾನಾಗಿ ಕಂಡುಕೊಂಡ ಉಪಾಯ, ಗಮನವಿಟ್ಟು ಕೇಳಿ. ಮೈಗೆ ಹುಷಾರಿಲ್ಲದ ಹಕ್ಕಿ ನಮ್ಮ ಎದುರಿಗೆ ಹುಷಾರಾಗಿರುವಂತೆ ನಟಿಸುತ್ತದೆ. ದುರ್ಬಲ ಎಂದು ಗೊತ್ತಾದರೆ ಯಾರಾದರೂ ತಿಂದುಬಿಡುತ್ತಾರೆ ಎಂಬ ಭಯ ಅದಕ್ಕೆ. ಯಾರೂ ನೋಡುತ್ತಿಲ್ಲ ಎಂದು ಅದಕ್ಕೆ ಅನ್ನಿಸಿದಾಗಲೇ ನಿಜ ಕಾಣುವುದು. ಕುಳ್ಳಿ, ಡುಮ್ಮಿ ನವಣೆ ಹೆಕ್ಕುತ್ತಿದ್ದವು. ಹವಾಲ್ದಾರ ಮೂಲೆಯಲ್ಲಿ ಅವುಗಳಿಗೆ ಬೆನ್ನು ಮಾಡಿ, ಪುಕ್ಕವನ್ನೆಲ್ಲ ಕೆದರಿ ಉಂಡೆಯಾಗಿ ಕೂತಿದ್ದ. ಕಣ್ಣು ಅರ್ಧ ಮುಚ್ಚಿದ್ದವು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹತ್ತಿರ ಹೋಗಿ ಕಿವಿಯಿಟ್ಟಾಗ ಉಸಿರಿನ ಜೊತೆ ಚಿಕ್, ಚಿಕ್ ಎಂಬ ಸಣ್ಣ ಸದ್ದು ಕೇಳಿತು. ಅವನು ಕೂತ ಕಡೆ ಬಿದ್ದಿದ್ದ ಹಿಕ್ಕೆ ನೀರಾಗಿ, ಹಸಿರಾಗಿ ಇತ್ತು. ಮೂಗಿನ ಸಣ್ಣ ತೂತುಗಳ ಸುತ್ತ ಬೆಳ್ಳಗೆ ಏನೋ ಒಣಗಿತ್ತು.

ನಾನು ಅಲ್ಲಿಯೇ ಕೂತಿರುವುದನ್ನು ನೋಡಿ ಆಯಿ ಬಂದಳು. ಒಂದೇ ನೋಟಕ್ಕೆ ಅವಳ ಮುಖ ಗಂಟಿಕ್ಕಿತು. ಹಿಂದಿನ ವರ್ಷ ಕೋಳಿಗಳಿಗೆ ಬೇನೆ ಬಂದು ಆಯಿಯ ಹನ್ನೊಂದು ಕೋಳಿಗಳೂ ಒಂದೇ ವಾರದಲ್ಲಿ ಸತ್ತಿದ್ದವು. ಮತ್ತೆ ಒಂದು ಹೇಂಟೆಯಿಂದ ಶುರು ಮಾಡಿ, ಮೊಟ್ಟೆ ಕಾವಿಗಿಟ್ಟು, ಮರಿ ಕಾದು, ಈಗಷ್ಟೇ ಅವಳ ಅಂಗಳ ತುಂಬಿತ್ತು.

"ಹೋದ ವರ್ಷ ನನ್ನ ಕೋಳಿ ಹ್ಯಾಂಗ ಹೋದ್ವು ನೀನೇ ನೋಡೀದಿ," ಎಂದಳು. "ದೀಪ ಹಚ್ಚೂ ಹೊತ್ತಿಗಿ ಈ ಹಕ್ಕಿ ಮನ್ಯಾಗ ಇರಬಾರ್ದು. ಹೊಳಿ ದಂಡಿಗಿ ಬಿಟ್ಟ ಬಾ."

"ಅಲ್ಲಿ ಬಿಟ್ರ ಸಾಯ್ತದ ಆಯಿ."

"ಇಲ್ಲಿ ಇಟ್ರ ಕೋಳಿ ಸಾಯ್ತಾವ."

ಆಯಿ ಕೆಟ್ಟವಳಲ್ಲ. ಸತ್ತ ಕೋಳಿಗಳನ್ನು ಒಂದೊಂದಾಗಿ ಹೂಳಿ ಬಂದವಳು ಅವಳೇ. ನನಗಿದ್ದದ್ದು ದೀಪ ಹಚ್ಚುವವರೆಗಿನ ಹೊತ್ತು ಮಾತ್ರ. ಅಷ್ಟರೊಳಗೆ ಹವಾಲ್ದಾರನ ಬೇನೆ ಏನೆಂದು ತಿಳಿಯಬೇಕು, ಅದು ಕೋಳಿಗಳಿಗೆ ಹತ್ತುವಂಥದ್ದಲ್ಲ ಎಂದು ತೋರಿಸಬೇಕು.

ಮೊದಲು ಅವನನ್ನು ಬೇರೆ ಮಾಡಿದೆ. ಒಂದು ಬುಟ್ಟಿಗೆ ಮೆತ್ತನೆಯ ಬಟ್ಟೆ ಹಾಸಿದೆ. ಅಪ್ಪ ತಂದಿಟ್ಟ ಅಂಗೈಯಗಲದ ಫರಸಿ ಚೂರೊಂದನ್ನು ಒಲೆಯ ಪಕ್ಕ ಬೆಚ್ಚಗೆ ಮಾಡಿ, ಎರಡು ಸುತ್ತು ಅರಿವೆಯಲ್ಲಿ ಸುತ್ತಿ ಬುಟ್ಟಿಯ ಒಂದು ಬದಿಗಿಟ್ಟೆ. ಒಂದೇ ಬದಿಗೆ ಏಕೆಂದರೆ, ಸೆಕೆಯಾದರೆ ಅವನು ಇನ್ನೊಂದು ಬದಿಗೆ ಸರಿಯಬೇಕಲ್ಲ. ಅವನು ನಿಧಾನ ಹೆಜ್ಜೆ ಹಾಕಿ ಕಲ್ಲಿಗೆ ಒರಗಿಕೊಂಡ. ಅಷ್ಟರಲ್ಲಿ ಅಕ್ಕ ರೊಟ್ಟಿಯನ್ನು ನೀರಲ್ಲಿ ಹಿಸುಕಿ ತಂದು ಅವನ ಕೊಕ್ಕು ಬಿಡಿಸಲು ಕೂತಳು. ಪ್ರೀತಿಯಿಂದಲೇ, ಆದರೆ ನಾನು ಅವಳ ಕೈಗೆ ಒಂದು ಏಟು ಕೊಟ್ಟೆ.

"ಬಾಯಾಗ ತುರುಕಬ್ಯಾಡ ಅಕ್ಕಾ. ಉಸಿರಾಡ್ಲಿಕ್ಕೇ ಆಗವಲ್ದು ಅದಕ."

"ಭಾಳ ದೊಡ್ಡ ಡಾಕ್ಟರ್ ಆಗೀದಿ," ಎಂದು ಅಕ್ಕ ಮುಖ ಊದಿಸಿದಳು. ಆದರೂ ಮಳೆಗೆಂದು ನನ್ನ ತಲೆಗೆ ಗೋಣಿಯ ಕೊಪ್ಪೆ ಹಾಕಿ, ಬುಟ್ಟಿಯ ಮೇಲೆ ಅರಿವೆ ಮುಚ್ಚಿಕೊಟ್ಟಳು. ನಾನು ಕೋಳಿಗೂಡಿನ ಕಡೆ ಹೆಜ್ಜೆ ಕೂಡ ಇಡದೆ, ಇನ್ನೊಂದು ಬಾಗಿಲಿನಿಂದ ಚಾಚಾನ ಮನೆಗೆ ಹೋದೆ.

ಚಾಚಾ ಕುದುರೆಗೆ ಹುಲ್ಲು ಹಾಕುತ್ತಿದ್ದರು. ಕೈ ತೊಳೆದು ಬಂದು ಹವಾಲ್ದಾರನನ್ನು ಮುಷ್ಟಿಯಲ್ಲಿ ಹಿಡಿದರು. ಬಟೇರ್ ಸಾಕಿದವರು ಹಿಡಿಯುವ ರೀತಿಯೇ ಬೇರೆ. ರೆಕ್ಕೆ ಅಲುಗುವುದಿಲ್ಲ, ಎದೆ ಅಮುಕುವುದೂ ಇಲ್ಲ. ಹೆಬ್ಬೆರಳಿನಿಂದ ಎದೆಯ ಎಲುಬು ಸವರಿದರು, ಕಿವಿಯ ಹತ್ತಿರ ತಂದು ಉಸಿರು ಕೇಳಿದರು. ನಾನು ಔಷಧಿ ಕೇಳಲು ಬಾಯಿ ತೆರೆಯುವುದರೊಳಗೆ ಅವರೇ ನನ್ನನ್ನು ಕೇಳತೊಡಗಿದರು.

"ಏನ್ ತಿಂದದ, ಏನ್ ಕುಡದದ? ನೋಡಿದ್ದಷ್ಟೇ ಹೇಳು ಬೇಟಾ, ಅಂದಾಜ ಹೇಳಬ್ಯಾಡ."

"ಕಾಳ್ ಮುಟ್ಟಿಲ್ಲ ಚಾಚಾ. ನೀರ್ ಎರಡ್ ಸಲ ಕುಡದದ. ಹಿಕ್ಕಿ ಹಸರ ಅದ, ನೀರ್ ನೀರ್ ಅದ. ಹೋದ ವರ್ಷ ಕೋಳಿಗಿ ಆದಂಗ ಕುತ್ತಿಗಿ ಸೊಟ್ಟ ಆಗಿಲ್ಲ, ಕಾಲ್ ನಡುಗವಲ್ವು. ಕುಳ್ಳಿ, ಡುಮ್ಮಿ ತಿನ್ಲಿಕತ್ತಾವ. ಆಯಿ ಕೋಳಿ ಎಲ್ಲಾ ಆರಾಮ ಅವ."

ಚಾಚಾ ಹವಾಲ್ದಾರನನ್ನು ಮೆಲ್ಲಗೆ ಬುಟ್ಟಿಗೆ ಬಿಟ್ಟು ಅರಿವೆ ಮುಚ್ಚಿದರು.

"ಇಷ್ಟ್ ನೋಡೀದಿ ಅಂದ್ರ ಅರ್ಧ ದವಾ ಆತು," ಎಂದರು. "ಕೋಳಿ ಬ್ಯಾನಿ ಹಂಗ ಕಾಣವಲ್ದು. ಆದ್ರ ಖಾತ್ರಿ ಹೇಳೂವಷ್ಟು ನಾ ಶಾಣ್ಯಾ ಅಲ್ಲ. ಎದ್ಯಾಗ ಏನೋ ಹೊಕ್ಕದ. ಏನ್ ಹೊಕ್ಕದ ಅಂಬೋದು ನಿನ್ನ ಪಂಜರಾನೇ ಹೇಳಬೇಕು. ಹೋಗಿ ಅದರ ಮುಂದ ಕುಂದ್ರು."

ಮಧ್ಯಾಹ್ನದವರೆಗೆ ಪಂಜರದ ಮುಂದೆ ಕೂತೆ. ನವಣೆ ಮೂಸಿದೆ, ಬೂಸು ಹಿಡಿದಿರಲಿಲ್ಲ. ನೀರಿನ ಬಟ್ಟಲು ನಿನ್ನೆ ತೊಳೆದದ್ದೇ. ಮಳೆಯ ಎರಚಲು ಪಂಜರಕ್ಕೆ ಬಡಿದಿರಲಿಲ್ಲ. ನನಗೆ ಅಳು ಬರುವ ಹಾಗಾಗಿತ್ತು. ಅಷ್ಟರಲ್ಲಿ ಅಪ್ಪ ಊಟಕ್ಕೆ ಬಂದ. ಬಾಗಿಲಲ್ಲೇ ನಿಂತು ಎಂದಿನಂತೆ ತಲೆ, ತೋಳು ಕೊಡವಿಕೊಂಡ. ಬಿಳಿಯ ಪುಡಿ ಉದುರಿತು. ಆಮೇಲೆ ಎಂದಿನಂತೆ ಕೆಮ್ಮಿದ. ಕೆಮ್ಮು ಮುಗಿದ ಮೇಲೆ ಉಸಿರೆಳೆದುಕೊಂಡಾಗ ಅವನ ಎದೆಯಿಂದ ಒಂದು ಸಣ್ಣ ಸದ್ದು ಬಂತು. ದಿನವೂ ಕೇಳಿದ್ದ ಸದ್ದು ಅದು, ಅಂದು ಮೊದಲ ಸಲ ನನ್ನ ಕಿವಿಗೆ ಬಿತ್ತು. ತಲೆಯೆತ್ತಿ ನೋಡಿದೆ. ಅಪ್ಪನ ಮೂಗಿನ ಹೊಳ್ಳೆಗಳ ಸುತ್ತ ಬೆಳ್ಳಗೆ ಒಣಗಿದ ಒಂದು ಗೆರೆ ಇತ್ತು.

ನಾನು ನಿಧಾನವಾಗಿ ಪಂಜರದ ಮೂಲೆಯ ತಟ್ಟೆಯ ಕಡೆ ತಿರುಗಿದೆ.

ಬುರ್ಲಿಗಳು ನೀರಿನಲ್ಲಿ ಸ್ನಾನ ಮಾಡುವುದಿಲ್ಲ, ಒಣ ಮಣ್ಣಿನಲ್ಲಿ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತವೆ. ಮಳೆ ಹಿಡಿದಿದ್ದರಿಂದ ಅಂಗಳದ ಎರೆಮಣ್ಣು ಅಂಟುಕೆಸರಾಗಿತ್ತು. ಅದಕ್ಕೆ ನಾನು ಅಪ್ಪನ ಶೆಡ್ಡಿನಲ್ಲಿ ಉಳಿಯ ಕೆಳಗೆ ಬಿದ್ದಿದ್ದ ಕಲ್ಲಿನ ಪುಡಿ ಗುಡಿಸಿ ತಂದು ತಟ್ಟೆಗೆ ತುಂಬಿದ್ದೆ. ನಮ್ಮ ಊರಲ್ಲಿ ಆ ಪುಡಿ ಎಲ್ಲದಕ್ಕೂ ಆಗುತ್ತಿತ್ತು. ಆಯಿ ಅದರಿಂದ ಪಾತ್ರೆ ತಿಕ್ಕುತ್ತಿದ್ದಳು, ಅಕ್ಕ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಅದರಿಂದ ಕೆಡುಕಾಗುತ್ತದೆ ಎಂದು ಯಾರು ತಾನೇ ನೆನೆಸುತ್ತಾರೆ? ನನ್ನ ಹಕ್ಕಿಗೆ ಒಂದು ಹರಳೂ ಚುಚ್ಚಬಾರದು ಎಂದು ನಾನು ಅದನ್ನು ತೆಳು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿದ್ದೆ. ಸೋಸಿ ಸೋಸಿ ಹೊಗೆಯಷ್ಟು ನುಣ್ಣಗೆ ಮಾಡಿದ್ದೆ. ಹವಾಲ್ದಾರನಿಗೆ ಆ ತಟ್ಟೆ ಎಲ್ಲರಿಗಿಂತ ಇಷ್ಟ. ದಿನಕ್ಕೆ ನಾಲ್ಕು ಸಲ ಇಳಿದು ಹೊರಳುತ್ತಿದ್ದ.

ಆದರೂ ನೋಡದೆ ಅಂದಾಜಿನಲ್ಲಿ ಹೇಳಬಾರದಲ್ಲ. ಉಸಿರು ಬಿಗಿಹಿಡಿದು ಕಾದೆ. ಸ್ವಲ್ಪ ಹೊತ್ತಿಗೆ ಕುಳ್ಳಿ ತಟ್ಟೆಗಿಳಿದಳು, ರೆಕ್ಕೆ ಬಡಿದಳು. ಬಿಳಿಯ ಧೂಳು ಎದ್ದು ಪಂಜರವೆಲ್ಲ ಮಬ್ಬಾಯಿತು. ಅವಳು ಹೊರಗೆ ಬಂದು ತಲೆ ಕೊಡವಿ ಸೀನಿದಳು. ಚಿಕ್. ಮತ್ತೆ ಚಿಕ್.

ಆಗ ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಬೇನೆ ಏನೆಂದು ಗೊತ್ತಾದ ಸಂತೋಷಕ್ಕಲ್ಲ. ಅದನ್ನು ತಂದು ಹಾಕಿದವಳು ನಾನೇ ಎಂಬುದಕ್ಕೆ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ತಟ್ಟೆಯನ್ನು ಹಿತ್ತಲಲ್ಲಿ ಸುರಿದು ಸುಮ್ಮನಾಗಿಬಿಡೋಣ ಅನ್ನಿಸಿತು. ಆದರೆ ಹಾಗೆ ಮಾಡಿದರೆ ಕೋಳಿ ಬೇನೆಯಲ್ಲ ಎಂದು ಆಯಿಗೆ ಹೇಳುವುದು ಹೇಗೆ? ಹವಾಲ್ದಾರ ಉಳಿಯಬೇಕಾದರೆ ನನ್ನ ತಪ್ಪು ಹೊರಗೆ ಬರಲೇಬೇಕಿತ್ತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಊಟಕ್ಕೆ ಕೂತಿದ್ದ ಎಲ್ಲರ ನಡುವೆ ಇಟ್ಟೆ.

"ಇದು ಕೋಳಿ ಬ್ಯಾನಿ ಅಲ್ಲ. ನಾನೇ ಮಾಡಿದ್ದು. ಈ ಪುಡಿ ಅದರ ಎದ್ಯಾಗ ಹೊಕ್ಕದ." ಆಮೇಲೆ ಬಿಕ್ಕುತ್ತಲೇ ಅಪ್ಪನ ಕಡೆ ತಿರುಗಿದೆ. "ಅಪ್ಪಾ, ನಿನ್ನ ಎದ್ಯಾಗೂ ಇದೇ ಸಪ್ಪಳ ಅದ."

ಅಪ್ಪ ತುತ್ತು ಕೆಳಗಿಟ್ಟ. ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಹವಾಲ್ದಾರನ ಮೇಲೆ ಬಾಗಿ ಕಿವಿಗೊಟ್ಟ. ಕಲ್ಲಿಗೆ ಕಿವಿಗೊಡುತ್ತಿದ್ದಷ್ಟೇ ಹೊತ್ತು, ಅಷ್ಟೇ ಏಕಾಗ್ರತೆಯಿಂದ. ನಂತರ ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಒಮ್ಮೆ ಉಸಿರೆಳೆದ.

"ಖರೇ ಅದ," ಎಂದ ಕೊನೆಗೆ. "ಕಲ್ಲಿನ ಸಪ್ಪಳ ನನಗ ತಿಳಿತದ. ಇದು ತಿಳೀಲಿಲ್ಲ ನೋಡು."

ಮಧ್ಯಾಹ್ನವೆಲ್ಲ ಕೆಲಸವೋ ಕೆಲಸ. ಕುದಿಸಿ ಆರಿಸಿದ ನೀರಿನಲ್ಲಿ ಬಟ್ಟೆಯ ತುದಿ ಅದ್ದಿ ಹವಾಲ್ದಾರನ ಮೂಗಿನ ಬಿಳಿಯನ್ನು ನೆನೆಸಿ ನೆನೆಸಿ ತೆಗೆದೆ, ಕಣ್ಣು ಒರೆಸಿದೆ. ಅಪ್ಪ ಅವನನ್ನು ಹಿಡಿದುಕೊಂಡಿದ್ದ. ಕಲ್ಲು ಹೊತ್ತು ಒರಟಾದ ಆ ಕೈಗಳು ಎಷ್ಟು ಹಗುರವಾಗಿದ್ದವೆಂದರೆ ಹಕ್ಕಿ ಒಮ್ಮೆಯೂ ಕೊಸರಲಿಲ್ಲ. ಅಕ್ಕ ಪಂಜರವನ್ನು ಹಿತ್ತಲಿಗೆ ಒಯ್ದು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಒಲೆಯ ಮುಂದೆ ಒಣಗಿಸಿದಳು. ನೀರಿಗೆ ಚೂರು ಬೆಲ್ಲ, ಉಗುರಿನ ತುದಿಯಷ್ಟು ಉಪ್ಪು ಹಾಕಿ ಬಟ್ಟಲನ್ನು ಬುಟ್ಟಿಯೊಳಗಿಟ್ಟೆ. ತನಗೆ ಬೇಕಾದಾಗ ಅವನೇ ಕುಡಿಯಲಿ ಎಂದು ಬಿಟ್ಟೆ. ಪುಡಿಯನ್ನೆಲ್ಲ ನೀರು ಚಿಮುಕಿಸಿ ಉಂಡೆ ಮಾಡಿ ಎಸೆದೆ. ಎಲ್ಲ ಆದ ಮೇಲೆ ಖಾಲಿ ತಟ್ಟೆ ಹಿಡಿದು ನಿಂತೆ. ಕುಳ್ಳಿ, ಡುಮ್ಮಿಗೆ ಹೊರಳಲು ಏನು ಹಾಕುವುದು? ಊರೆಲ್ಲ ಕೆಸರು.

ಊಟವಾದಾಗಿನಿಂದ ಆಯಿ ಕೋಳಿಗೂಡಿನ ಬಾಗಿಲಲ್ಲಿ ಕೂತು ನಮ್ಮನ್ನು ನೋಡುತ್ತಿದ್ದಳು. ಎದ್ದು ಒಳಗೆ ಹೋದಳು. ಅಟ್ಟದ ಮೇಲಿದ್ದ ಒಂದು ಗಡಿಗೆ ಇಳಿಸಿಕೊಂಡು ಬಂದಳು. ಅದು ಏನೆಂದು ನನಗೆ ಗೊತ್ತಿತ್ತು. ನಾಗರ ಪಂಚಮಿಗೆ ಜೋಳದ ಅರಳು ಹುರಿಯಲು ಕಾಗಿಣಾ ಹೊಳೆಯಿಂದ ತರಿಸಿ, ತೊಳೆದು, ಒಣಗಿಸಿ, ಜರಡಿ ಹಿಡಿದು ಇಟ್ಟುಕೊಂಡ ಉಸುಕು. ಅದನ್ನು ನಾವು ಮುಟ್ಟಿದರೂ ಬೈಗಳು ತಪ್ಪುತ್ತಿರಲಿಲ್ಲ. ಹಬ್ಬಕ್ಕೆ ಇನ್ನು ಕೆಲವೇ ದಿನಗಳಿದ್ದವು. ಆಯಿ ನನ್ನ ಕೈಯಲ್ಲಿದ್ದ ತಟ್ಟೆ ತೆಗೆದುಕೊಂಡು ತುಂಬ ಉಸುಕು ಸುರಿದಳು. ದಪ್ಪ ಹರಳಿನ ಉಸುಕು, ಕೈಯಲ್ಲಿ ಎತ್ತಿ ಬಿಟ್ಟರೆ ಧೂಳೇಳುತ್ತಿರಲಿಲ್ಲ.

"ಅರಳಿಗಿ ಉಸುಕು ಮತ್ತ ತರಬಹುದು," ಎಂದಳು, ಯಾರಿಗೂ ಅಲ್ಲದ ಹಾಗೆ.

ದೀಪ ಹಚ್ಚುವ ಹೊತ್ತಾಯಿತು. ಹವಾಲ್ದಾರ ಕೂಗಿರಲಿಲ್ಲ, ಕಾಳು ತಿಂದಿರಲಿಲ್ಲ. ಆದರೆ ಉಸಿರಿನ ಚಿಕ್ ಚಿಕ್ ಸ್ವಲ್ಪ ಇಳಿದಿತ್ತು, ಕಣ್ಣು ಪೂರ್ತಿ ತೆರೆದಿದ್ದ. ಆಯಿ ದೇವರ ಗೂಡಿನಲ್ಲಿ ದೀಪ ಹಚ್ಚಿ ಬಂದು ಬುಟ್ಟಿಯ ಮುಂದೆ ನಿಂತಳು. ನಾನು ಬುಟ್ಟಿಯನ್ನು ಎದೆಗೆ ಅವಚಿಕೊಂಡೆ.

"ಬುಟ್ಟಿ ಗೂಡಿನ ಕಡಿ ತರಬ್ಯಾಡ. ಮುಟ್ಟಿದ ಮ್ಯಾಲ ಕೈ ತೊಳಿ," ಎಂದಳು. ಅಷ್ಟೇ. ಅವಳು ಒಳಗೆ ಹೋದ ಮೇಲೆ ನಾನು ಬುಟ್ಟಿಯನ್ನು ಒಲೆಯ ಪಕ್ಕ ಇಟ್ಟು ಕೈ ತೊಳೆದೆ.

ಮರುದಿನ ಮುಂಜಾನೆ ಅಪ್ಪ ಕೆಲಸಕ್ಕೆ ಹೊರಡುವಾಗ ರುಮಾಲನ್ನು ನೀರಲ್ಲಿ ಅದ್ದಿ ಹಿಂಡಿ ಮೂಗು ಬಾಯಿಗೆ ಕಟ್ಟಿಕೊಂಡ. ಶೆಡ್ಡಿನವರು ಮದುಮಗಳು ಬಂದಳು ಎಂದು ಚೇಷ್ಟೆ ಮಾಡಿದರಂತೆ. ಅಪ್ಪ ಅವರಿಗೆ, "ನಮ್ಮ ಸಣ್ಣಾಕಿ ಹೇಳ್ಯಾಳ, ಕಟ್ಟಲೇಬೇಕು," ಎಂದನಂತೆ. ದೀಪಾವಳಿಯ ಹೊತ್ತಿಗೆ ಆ ಶೆಡ್ಡಿನಲ್ಲಿ ಎಲ್ಲರ ಮೂಗಿನ ಮೇಲೂ ರುಮಾಲು ಬಂದಿತ್ತು. ಹವಾಲ್ದಾರ ನಾಲ್ಕನೆಯ ದಿನ ಕೂಗಿದ, ಭೋಂಗಾಕ್ಕಿಂತ ಮೊದಲೇ. ಓಣಿಯಲ್ಲಿ ಒಲೆಗಳು ಹೊತ್ತಿಕೊಂಡವು. ಹೊರಗೆ ಚಾಚಾ ಟಾಂಗಾ ಹೂಡುತ್ತಿದ್ದವರು ನನ್ನ ಕಡೆ ನೋಡಿ, ದೊಡ್ಡವರಿಗೆ ಮಾಡುವ ಹಾಗೆ ಹಣೆಗೆ ಕೈ ಹಚ್ಚಿ ಸಲಾಂ ಮಾಡಿದರು. ನನಗೆ ಆಗ ಒಂಬತ್ತು ವರ್ಷ. ಅಷ್ಟು ದೊಡ್ಡ ಮರ್ಯಾದೆ ಆಮೇಲೆ ನನಗೆ ಯಾರಿಂದಲೂ ಸಿಕ್ಕಿಲ್ಲ. ಜಂಬ ಕೊಚ್ಚಿಕೊಳ್ಳಬಾರದು ಎಂದು ನಿಮಗೆ ದಿನವೂ ಹೇಳುತ್ತೇನೆ, ಗೊತ್ತು. ಈ ಒಂದು ವಿಷಯದಲ್ಲಿ ನನ್ನನ್ನು ಬಿಟ್ಟುಬಿಡಿ.

ಈಗ ವಾಡಿ ಊರಿನ ಈ ಮನೆಯಲ್ಲಿ ಭೋಂಗಾ ಕೇಳಿಸುವುದಿಲ್ಲ. ಎಲ್ಲರ ದಿಂಬಿನ ಕೆಳಗೂ ಒಂದೊಂದು ಫೋನು ಕೂಗುತ್ತದೆ. ಹೊಲದ ಬುರ್ಲಿಯನ್ನು ಹಿಡಿದು ಸಾಕುವುದು ಈಗ ಕಾನೂನಿಗೆ ವಿರುದ್ಧ, ಅದು ಒಳ್ಳೆಯದೇ. ಅವು ತೊಗರಿ ಸಾಲಿನಲ್ಲೇ ಇರಲಿ. ನೀವು ಸಾಕಿರುವ ಎರಡು ಲಾವಕ್ಕಿಗಳು ಫಾರ್ಮಿನಲ್ಲಿ ಹುಟ್ಟಿದವು, ಅವುಗಳಿಗೆ ಚೀಲದಲ್ಲಿ ಬರುವ ಆಹಾರ, ಮೇಲೆ ಬಲ್ಬಿನ ಬಿಸಿ. ಹೋದ ತಿಂಗಳು ಒಂದು ಹಕ್ಕಿ ಮಂಕಾದಾಗ ನೀವು ಅದರ ವಿಡಿಯೋ ಮಾಡಿ ದನದ ಡಾಕ್ಟರಿಗೆ ಕಳಿಸಿದಿರಿ, ಅವರು ಊಟದ ಹೊತ್ತಿಗೆ ಉತ್ತರ ಕಳಿಸಿದರು. ನನಗೆ ಒಂದು ಇಡೀ ದಿನ ಹಿಡಿದದ್ದು ನಿಮಗೆ ಅರ್ಧ ದಿನವೂ ಹಿಡಿಯಲಿಲ್ಲ. ಇಷ್ಟೆಲ್ಲ ಇರುವಾಗ ಕಂಬದ ಮರೆಯಲ್ಲಿ ಕೂತು ಹಕ್ಕಿಯನ್ನು ನೋಡುವವರು ಇನ್ನು ಯಾರಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಂಡಿದ್ದೆ.

ಮೊನ್ನೆ ಮುಂಜಾನೆ ನನಗೆ ಏಳಲು ಆಗಲಿಲ್ಲ. ಮೈ ಕೈ ಭಾರವಾಗಿತ್ತು. ನಾನು ದಿನವೂ ಎದ್ದ ಕೂಡಲೇ ನಲ್ಲಿ ಬಿಟ್ಟದ್ದಕ್ಕೆ ಒಬ್ಬರಿಗೆ, ದೀಪ ಆರಿಸದಿದ್ದದ್ದಕ್ಕೆ ಇನ್ನೊಬ್ಬರಿಗೆ ಬೈಯುತ್ತೇನಲ್ಲ, ಅಂದು ಬೈಯಲಿಲ್ಲ. ಮನೆ ಶಾಂತವಾಗಿದೆ ಎಂದು ನಿಮ್ಮ ಅಪ್ಪ, ಅವ್ವ ಚಹಾ ಕುಡಿದು ಕೆಲಸಕ್ಕೆ ಹೋದರು. ನಾನು ಗೋಡೆಗೆ ಮುಖ ಮಾಡಿ, ಚಾದರ ಎಳೆದುಕೊಂಡು ಉಂಡೆಯಾಗಿ ಮಲಗಿದ್ದೆ. ಬಾಗಿಲ ಹತ್ತಿರ ಯಾರೋ ಬಹಳ ಹೊತ್ತು ಸದ್ದಿಲ್ಲದೆ ನಿಂತಿರುವುದು ಗೊತ್ತಾಯಿತು. ಆಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು, ಶಾಲೆಯ ಚೀಲ ಬೆನ್ನಿನಲ್ಲಿ ಇಟ್ಟುಕೊಂಡೇ ಒಳಗೆ ಬಂದು ನನ್ನ ಹಣೆಯ ಮೇಲೆ ಕೈ ಇಟ್ಟಳು.

"ಆಯಿ," ಎಂದಳು, "ನೀ ಇವತ್ತ ಯಾರಿಗೂ ಬೈಲಿಲ್ಲ. ಏನಾಗ್ಯದ?"